ಅಕ್ಕಿಕಾಳಿನಷ್ಟು ಖಾಲಿ ಜಾಗ

"ನಾಲ್ಕಕ್ಕೆ ನಿಮ್ಮ ತಮ್ಮ ಹೇಳಿಕೆಗೆ ಸಹಿ ಹಾಕ್ತಾನೆ. ಐದಕ್ಕೆ ಗಾಡಿ ಹೊರಡುತ್ತೆ. ಅಲ್ಲಿಂದ ಮುಂದೆ ನನ್ನ ಕೈಲಿ ಏನೂ ಇಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್, ಫೈಲಿನಿಂದ ತಲೆಯೆತ್ತದೆ.

ಟೋಪಿಯಕ್ಕ ಠಾಣೆಯ ಗೋಡೆ ಗಡಿಯಾರ ನೋಡಿದಳು. ಮೂರಕ್ಕೆ ಹತ್ತು ನಿಮಿಷ. ನೋಡಬಾರದಿತ್ತು. ಕೆಟ್ಟು ನಿಂತಿದ್ದ ಅದನ್ನು ಕಳೆದ ವರ್ಷ ರಿಪೇರಿ ಮಾಡಿ, ಕುರ್ಚಿ ಹತ್ತಿ ತಾವೇ ಮೊಳೆಗೆ ಸಿಕ್ಕಿಸಿ ಹೋಗಿದ್ದವರೇ ಈಗ ಸತ್ತವರು.

ಸೋದರ ಕೂಟದ ಏಳು ಮಂದಿ ಹಿರಿಯರಲ್ಲಿ ಮೂರನೆಯವರಾದ ಗಡಿಯಾರದಣ್ಣ ಮಂಗಳವಾರ ಸಂಜೆ ಕೂಟದ ಭವನದ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು; ಕಾಣೆಯಾಗಿದ್ದ ಅವರ ಟೋಪಿ ಗುರುವಾರ ಟೋಪಿಯಕ್ಕನ ತಮ್ಮನ ಕೆಲಸದ ಪೆಟ್ಟಿಗೆಯಲ್ಲಿ ಸಿಕ್ಕಿತ್ತು; ಇವತ್ತು ಶನಿವಾರ ಬೆಳಗ್ಗೆ ತಮ್ಮ ತಾನೇ ತಳ್ಳಿದೆ ಅಂತ ಒಪ್ಪಿಕೊಂಡು ಕೂತಿದ್ದ. ಕತೆ ಇಷ್ಟೇ. ಇದರಲ್ಲಿ ಕೊನೆಯದನ್ನು ಅವಳಿಂದ ನಂಬಲಾಗಲಿಲ್ಲ.

ಓಣಿಯವರು ಅವಳನ್ನು ಟೋಪಿಯಕ್ಕ ಅನ್ನುವುದು ಸುಮ್ಮನೆ ಅಲ್ಲ. ಮೂರು ತಲೆಮಾರಿನಿಂದ ಕೂಟದ ಹಿರಿಯರ ಟೋಪಿಗಳು ಆ ಮನೆಯಲ್ಲೇ ಹುಟ್ಟುತ್ತಿದ್ದವು. ಕಪ್ಪು ಮಖಮಲ್ಲು, ಹಣೆಯ ಮೇಲೆ ಜರಿಯ ದೀಪ, ದೀಪದ ಸುತ್ತ ಎಲೆಗಳ ಬಳ್ಳಿ. ಒಂದೊಂದಕ್ಕೂ ಎರಡೆರಡು ತಿಂಗಳ ಕೈಕೆಲಸ. ಊರಿನ ದೊಡ್ಡವರಿಗೆಲ್ಲ ಟೋಪಿ ಹಾಕಿಯೂ ಭೇಷ್ ಅನ್ನಿಸಿಕೊಂಡವರು ನಾವು ಮಾತ್ರ ಅನ್ನುವುದು ಅಪ್ಪನ ಹಳೆಯ ತಮಾಷೆ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ನಾಲಿಗೆಯೂ ತೊಡರಿತು. ಅಲ್ಲಿಂದ ಆ ತಮಾಷೆ ಮನೆಯಲ್ಲಿ ಕೇಳಿಸಿಲ್ಲ.

ಬೆಳಗ್ಗೆ ಹೊರಡುವ ಮೊದಲು ಅವಳು ಅಪ್ಪನ ಮುಖ ಒರೆಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದಳು. ಬಲಗೈಯ ಬೆರಳ ತುದಿಗಳಲ್ಲಿ ಕಪ್ಪು ಚುಕ್ಕೆಗಳು ಮತ್ತೆ ಕಂಡಿದ್ದವು. ಇರುವೆ ಕಚ್ಚಿದ್ದು, ಜೋಮು ಹಿಡಿದ ಕೈ ಅಲ್ಲವೇ, ಅವರಿಗೆ ಗೊತ್ತಾಗುವುದಿಲ್ಲ ಅಂತ ಔಷಧಿ ಅಂಗಡಿಯವನು ಮುಲಾಮು ಕೊಟ್ಟಿದ್ದ. ಅದನ್ನು ಸವರಿದಳು. ನಾಲ್ಕರವರೆಗೆ ನೋಡಿಕೊಳ್ಳಿ ಅಂತ ಪಕ್ಕದ ಮನೆ ಅತ್ತೆಗೆ ಹೇಳಿದಳು. ಎದ್ದು ಬಾಗಿಲು ತೆಗೆಯಲಾರದ ಅಪ್ಪನಿಗಾಗಿ ಎಂದಿನಂತೆ ಬೀಗ ಹಾಕದೆ, ಬಾಗಿಲು ಬರೀ ಮುಂದೆ ಎಳೆದು ಬಂದಳು. ಹೊರಡುವಾಗ ಅಪ್ಪ ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದು ಏನೋ ಹೇಳಲು ತಡಕಾಡಿದ್ದರು. ಅವಳಿಗೆ ಪುರುಸೊತ್ತಿರಲಿಲ್ಲ. ಆಮೇಲೆ ಹೇಳಪ್ಪ ಅಂತ ಕೈ ಬಿಡಿಸಿಕೊಂಡಿದ್ದಳು.

"ಒಂದೇ ಒಂದು ಕೇಳ್ತೀನಿ ಸಾರ್. ಹೇಳಿಕೆ ಕೊಡೋವಾಗ ಅವನ ಕಿವಿ ಕೆಂಪಾಗಿತ್ತಾ?"

ಇನ್ಸ್‌ಪೆಕ್ಟರ್ ಈಗ ತಲೆಯೆತ್ತಿದರು. ತಮ್ಮನಿಗೆ ಮೂವತ್ತು ದಾಟಿದರೂ ಸುಳ್ಳು ಹೇಳುವ ವಿದ್ಯೆ ಬಂದಿಲ್ಲ, ಚಿಕ್ಕವನಿದ್ದಾಗಿನಿಂದ ಸುಳ್ಳಾಡಿದರೆ ಕಿವಿ ಕೆಂಪಗಾಗುತ್ತದೆ, ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ ಅಂತ ಅವಳು ಒಂದೇ ಉಸಿರಿಗೆ ಹೇಳಿದಳು. ಮೂಲೆಯಲ್ಲಿ ಕೂತು ಹೇಳಿಕೆ ಬರೆಯುತ್ತಿದ್ದ ರೈಟರ್, ಟೊಮೇಟೊ ಹಣ್ಣಿನಂಗೆ ಆಗಿತ್ತು ಸಾರ್ ಅಂದುಬಿಟ್ಟ. ಸಾಹೇಬರ ಕಣ್ಣು ತನ್ನ ಮೇಲೆ ಬಿದ್ದದ್ದೇ ಮತ್ತೆ ಕಾಗದಕ್ಕೆ ಬಾಗಿದ.

ಕಿವಿಯ ಬಣ್ಣ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದರು ಇನ್ಸ್‌ಪೆಕ್ಟರ್. ಅವರು ಕೆಟ್ಟವರಲ್ಲ, ದಣಿದವರು. ಬೆರಳು ಮಡಚುತ್ತ ಒಂದೊಂದೇ ಹೇಳಿದರು. ಮಂಗಳವಾರ ಸಂಜೆ ಹುಡುಗ ಹೊಸ ಟೋಪಿಗಾಗಿ ತಲೆಯ ಅಳತೆ ತೆಗೆದುಕೊಳ್ಳಲು ಭವನಕ್ಕೆ ಹೋಗಿದ್ದ. ಟೋಪಿ ಅವನ ಪೆಟ್ಟಿಗೆಯಲ್ಲಿ ಸಿಕ್ಕಿತು. ಟೋಪಿ ಕಿತ್ತುಕೊಳ್ಳುವಾಗ ಜಗಳವಾಯಿತು, ತಳ್ಳಿದೆ ಅಂತ ಅವನೇ ಹೇಳುತ್ತಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಗಡಿಯಾರದಣ್ಣನ ಹೆಂಡತಿ ಟೋಪಿಯನ್ನು ಗುರುತು ಹಿಡಿದಿದ್ದಾರೆ. ಕಸೂತಿ ನೋಡಿ ಅಲ್ಲ. ಒಳಗಿನ ಲೈನಿಂಗ್ ಮೂಸಿ. ಒಂಬತ್ತು ವರ್ಷ ದಿನಾ ಹಣೆಗೆ ತಿಕ್ಕಿಕೊಳ್ಳುತ್ತಿದ್ದ ತಲೆನೋವಿನ ಮುಲಾಮಿನ ವಾಸನೆ ಅದರಲ್ಲಿ ಹಾಗೇ ಇದೆ.

"ಆಯಮ್ಮ ಅದನ್ನ ಮುಖಕ್ಕೆ ಒತ್ತಿಕೊಂಡು ಅತ್ತಿದ್ದು ನಾನೇ ನೋಡಿದೀನಿ," ಎಂದರು. "ಗಂಡನ ತಲೆ ವಾಸನೆನ ಯಾರಾದ್ರೂ ನಕಲು ಮಾಡೋಕಾಗುತ್ತಾ?"

ಟೋಪಿಯಕ್ಕ ಒಂದು ಸಲ ಟೋಪಿಯನ್ನು ಹತ್ತಿರದಿಂದ ತೋರಿಸಿ ಅಂತ ಬೇಡಿಕೊಂಡಳು. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ. ಹುಡುಕಬೇಕಾದದ್ದು ಏನು ಅಂತ ಅವಳಿಗೇ ಗೊತ್ತಿರಲಿಲ್ಲ.

ರೈಟರ್ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಟೋಪಿ ತಂದಿಟ್ಟ. ಗುರುವಾರ ಪೊಲೀಸರು ಅದನ್ನು ಎತ್ತಿಕೊಂಡು ಹೋದಾಗ ಅವಳು ನೋಡಿದ್ದು ದೂರದಿಂದ, ಪ್ಲಾಸ್ಟಿಕ್ ಚೀಲದೊಳಗೆ. ಈಗ ಕಿಟಕಿಯ ಬೆಳಕಿನಲ್ಲಿ ಕಂಡಿತು. ಜರಿಯ ದೀಪ, ಎಡಕ್ಕೆ ಎಂಟು, ಬಲಕ್ಕೆ ಎಂಟು ಎಲೆ, ಒಂಬತ್ತು ವರ್ಷಕ್ಕೆ ತಕ್ಕಂತೆ ಮಂಕಾದ ಹೊಳಪು. ಅಪ್ಪನ ಕೈ, ಸಂಶಯವೇ ಇಲ್ಲ. ಎಲೆಯ ತುದಿಯನ್ನು ಹಾಗೆ ಸಣ್ಣಗೆ ತಿರುಗಿಸುವುದು ಅಪ್ಪನಿಗೆ ಮಾತ್ರ ಬರುತ್ತಿತ್ತು. ಇದು ಗಡಿಯಾರದಣ್ಣನ ಟೋಪಿಯೇ.

ಕೊಟ್ಟಿದ್ದ ಕೈಗವಸಿನಲ್ಲಿ ಟೋಪಿಯನ್ನು ಮಗುಚಿದಳು. ಲೈನಿಂಗ್ ಕಂದು ರೇಷ್ಮೆ, ಅವಳೇ ಕತ್ತರಿಸಿದ್ದು, ಅವಳೇ ಹಾಕಿದ್ದು. ಲೈನಿಂಗ್ ಕೆಲಸ ಕೈಗೆ ಬಂದ ಹೊಸದರಲ್ಲಿ ಅವಳ ಹೊಲಿಗೆ ಸ್ವಲ್ಪ ಉದ್ದುದ್ದ ಬೀಳುತ್ತಿತ್ತು, ಅಪ್ಪ ಬೈಯುತ್ತಿದ್ದರು. ಆ ಉದ್ದ ಹೊಲಿಗೆಗಳನ್ನು ಹುಡುಕುತ್ತ ಅವಳ ಬೆರಳು ಅಂಚಿನ ಮೇಲೆ ಒಂದು ಸುತ್ತು ಹೋಯಿತು.

ಒಂದೂ ಸಿಗಲಿಲ್ಲ.

ಇನ್ನೊಂದು ಸುತ್ತು ಹೋದಳು. ಅಂಚಿನ ಹೊಲಿಗೆ ಸಣ್ಣದು, ಒತ್ತೊತ್ತಾಗಿದೆ. ಅದರ ಪಕ್ಕದಲ್ಲಿ, ಕೂದಲೆಳೆಯಷ್ಟು ದೂರದಲ್ಲಿ, ದಾರವಿಲ್ಲದ ತೂತುಗಳ ಇನ್ನೊಂದು ಸಾಲು. ಉದ್ದುದ್ದ ಅಂತರದ ತೂತುಗಳು.

"ಸಾರ್," ಎಂದಳು. ದನಿ ಅವಳಿಗೇ ಗುರುತು ಸಿಗಲಿಲ್ಲ. "ಬಟ್ಟೆ ನಂದು. ಹೊಲಿಗೆ ನಂದಲ್ಲ. ಈ ಲೈನಿಂಗ್‌ನ ಒಂದು ಸಲ ಬಿಚ್ಚಿ ಮತ್ತೆ ಹಾಕಿದಾರೆ."

ಇನ್ಸ್‌ಪೆಕ್ಟರ್ ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆಣ್ಣೆಯೊಳಗಿನ ಕೂದಲನ್ನು ತೋರಿಸುವಂತೆ ಅವಳು ಒಂದೊಂದೇ ತೂತಿನ ಮೇಲೆ ಸೂಜಿಯ ತುದಿಯಿಟ್ಟು ತೋರಿಸಿದಳು. ಬಿಚ್ಚಿ ಹಾಕಿದರೆ ಏನಾಯಿತು, ರಿಪೇರಿಗೆ ಬಂದಿರಬಹುದಲ್ಲ ಎಂದರು ಅವರು. ರಿಪೇರಿಗೆ ಬರುವುದಾದರೆ ಅದು ತಮ್ಮ ಮನೆಗೇ ಬರಬೇಕಿತ್ತು, ಬಂದಿಲ್ಲ ಎಂದಳು ಅವಳು. ಬ್ಲೇಡು ಕೊಡಿ, ಬಿಚ್ಚಿ ತೋರಿಸುತ್ತೇನೆ, ಒಳಗೆ ನೋಡಿದರೆ ಇದು ಯಾರ ಟೋಪಿ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

"ಅದನ್ನ ಬಿಚ್ಚೋ ಹಾಗಿಲ್ಲ ತಾಯಿ," ಎಂದಿತು ಬಾಗಿಲಿನಿಂದ ಒಂದು ಮೆತ್ತನೆಯ ದನಿ.

ದೊಡ್ಡಣ್ಣ ಬಂದಿದ್ದರು. ಕೂಟದ ಏಳು ಹಿರಿಯರಿಗೂ ಹಿರಿಯರು. ಮೂವತ್ತು ವರ್ಷ ಶಾಲೆಯ ಹೆಡ್‌ಮಾಸ್ಟರಾಗಿದ್ದವರು, ಊರಿನ ಅರ್ಧ ಜನರ ಕಿವಿ ಹಿಂಡಿದವರು. ಇನ್ಸ್‌ಪೆಕ್ಟರ್ ತಮಗೆ ಗೊತ್ತಿಲ್ಲದೆಯೇ ಎದ್ದು ನಿಂತರು. ಅವರ ಕಿವಿಯೂ ಆ ಪಟ್ಟಿಯಲ್ಲಿತ್ತು.

ದೊಡ್ಡಣ್ಣ ಕಂಕುಳಲ್ಲಿದ್ದ ಮರದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು, ಜೇಬಿನಿಂದ ಟೋಪಿ ಒಪ್ಪಿಸಿ ಅನ್ನುವ ಮೇಲಧಿಕಾರಿಗಳ ಚೀಟಿ ತೆಗೆದು ಅದರ ಮೇಲಿಟ್ಟರು. ಸತ್ತ ಹಿರಿಯನ ಟೋಪಿ ಅವನೊಂದಿಗೇ ಮಣ್ಣು ಸೇರಬೇಕು ಅನ್ನುವುದು ಕೂಟದ ನಿಯಮ. ಆರು ಗಂಟೆಗೆ ಮಣ್ಣು. ಫೋಟೊ ತೆಗೆದಾಗಿದೆ, ಹುಡುಗ ಒಪ್ಪಿಕೊಂಡಾಗಿದೆ, ಇನ್ನು ಟೋಪಿ ಇಲ್ಲಿದ್ದು ಏನಾಗಬೇಕು ಅಂತ ಕೇಳಿದರು. ಕೇಳುವಾಗ ಟೋಪಿಯಕ್ಕನ ಕಡೆ ಕರುಣೆಯಿಂದಲೇ ನೋಡಿದರು. ಆ ಕರುಣೆಗೆ ಅವಳ ಮೈ ಉರಿಯಿತು.

ಮಣ್ಣಿನೊಳಗೆ ಹೋದ ಮೇಲೆ ಈ ಎರಡು ಸಾಲು ತೂತನ್ನು ಯಾರು ಎಣಿಸುತ್ತಾರೆ? ಗಡಿಯಾರದಲ್ಲಿ ಮೂರೂ ಇಪ್ಪತ್ತು.

"ಲೈನಿಂಗ್ ಕೆಳಗೆ ಏನಿರತ್ತೆ ಅಂತ ಸಾರ್‌ಗೆ ನೀವೇ ಹೇಳಿ ದೊಡ್ಡಣ್ಣ," ಎಂದಳು.

"ಏನಿರತ್ತೆ? ಬಟ್ಟೆ ಇರತ್ತೆ."

"ನೀವು ಹೇಳದಿದ್ರೆ ನಾನು ಹೇಳ್ತೀನಿ."

ದೊಡ್ಡಣ್ಣನ ಮುಖದಿಂದ ನಗು ಹೋಗಲಿಲ್ಲ. ಕಣ್ಣಿನಿಂದ ಹೋಯಿತು. ಅವಳ ಅಜ್ಜ ಕೂಟದ ಮುಂದೆ ಕೈಯಿಟ್ಟು ಮಾತು ಕೊಟ್ಟಿದ್ದನ್ನು ನೆನಪಿಸಿದರು. ಆ ಮಾತನ್ನು ಅವಳ ಅಪ್ಪ ಇಷ್ಟು ವರ್ಷ ಕಾಪಾಡಿದ್ದನ್ನು ನೆನಪಿಸಿದರು. ಇವತ್ತು ಅದನ್ನು ಮುರಿದರೆ ನಾಳೆಯಿಂದ ಆ ಮನೆಯ ಸೂಜಿಗೆ ಕೂಟದ ಕೆಲಸವಿಲ್ಲ, ಇದನ್ನೂ ನೆನಪಿಟ್ಟುಕೊಳ್ಳಬೇಕು ಎಂದರು. ಒಂದಿಷ್ಟೂ ದನಿಯೇರಿಸದೆ, ತರಗತಿಯಲ್ಲಿ ಪಾಠ ಹೇಳಿದಷ್ಟೇ ಸಮಾಧಾನದಿಂದ ಹೇಳಿದರು.

ಉಣ್ಣುವ ತಟ್ಟೆಯನ್ನು ತಾನೇ ಒದೆಯುತ್ತಿದ್ದೇನೆ ಅಂತ ಟೋಪಿಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಬೇರೆ ಕೆಲಸ ಬಾರದು. ಆದರೆ ಗೋಡೆಯ ಆಚೆ ಬದಿ, ಕಬ್ಬಿಣದ ಸರಳುಗಳ ಹಿಂದೆ, ಇರುವೆ ತುಳಿದರೂ ಕಾಲೆತ್ತಿ ನೋಡುವ ಅವಳ ತಮ್ಮ ಕೂತಿದ್ದ.

"ಕೆಂಪು ದಾರ ಇರತ್ತೆ ಸಾರ್," ಎಂದಳು.

ಹೇಳಿಬಿಟ್ಟಳು. ಹೊಸ ಹಿರಿಯನಿಗೆ ಟೋಪಿ ತೊಡಿಸುವ ದಿನ ಲೈನಿಂಗ್ ಹಾಕದೆ ಟೋಪಿಯನ್ನು ಭವನಕ್ಕೆ ಒಯ್ಯುತ್ತಾರೆ. ಬಾಗಿಲು ಮುಚ್ಚುತ್ತಾರೆ. ಆ ಹಿರಿಯ ಸ್ವಂತ ಕೈಯಿಂದ ಒಳಬದಿಗೆ, ದೀಪದ ಹಿಂದೆ, ಕೆಂಪು ದಾರದಲ್ಲಿ ಒಂದೇ ಒಂದು ಹೊಲಿಗೆ ಹಾಕಬೇಕು. ಆ ಒಂದು ಹೊಲಿಗೆ ಬಿದ್ದ ಮೇಲೆಯೇ ಟೋಪಿ ಅವನದು. ಆಮೇಲೆ ಅಲ್ಲೇ ಕೂತು ಹೊಲಿಯುವವರು ಲೈನಿಂಗ್ ಮುಚ್ಚುತ್ತಾರೆ. ಏಳು ಹಿರಿಯರಿಗೂ ಅವಳ ಮನೆಯವರಿಗೂ ಬಿಟ್ಟರೆ ಇದು ಹೆಂಡತಿ ಮಕ್ಕಳಿಗೂ ಗೊತ್ತಿಲ್ಲ.

"ಗಡಿಯಾರದಣ್ಣ ಹಾಕಿದಾಗ ನಾನೇ ಎದುರಿಗಿದ್ದೆ. ಕೂದಲಿನಂಥ ಸ್ಪ್ರಿಂಗ್ ಕೂರಿಸೋ ಕೈ, ಸೂಜಿ ಹಿಡಿಯೋಕೆ ನಡುಗ್ತು. ಬೆರಳಿಗೆ ಚುಚ್ಚಿಕೊಂಡ್ರು. ದಾರ ಎಳೆದ ರಭಸಕ್ಕೆ ಮಖಮಲ್ಲು ಮುದುರಿಹೋಯ್ತು. ಅಪ್ಪ ನಕ್ಕಿದ್ದಕ್ಕೆ, ನಗು ಮಾರಾಯ, ನಿನ್ನ ಗಡಿಯಾರ ನನ್ನ ಹತ್ರಾನೇ ಬರಬೇಕು ಅಂದಿದ್ರು."

ಅದನ್ನು ಹೇಳುತ್ತ ಅವಳಿಗೆ ಅಳು ಬಂತು. ಮಂಗಳವಾರದಿಂದ ತಮ್ಮನಿಗಾಗಿ ಓಡಾಡಿದ್ದರಲ್ಲಿ ಗಡಿಯಾರದಣ್ಣನಿಗಾಗಿ ಅಳುವುದನ್ನೇ ಮರೆತಿದ್ದಳು.

ಇನ್ಸ್‌ಪೆಕ್ಟರ್ ದೊಡ್ಡಣ್ಣನ ಕಡೆ ತಿರುಗಿ ಇದು ನಿಜವೇ ಅಂತ ಕೇಳಿದರು. ಕೂಟದ ಒಳಗಿನದು ಕೂಟದ ಒಳಗೆ ಎಂದರು ದೊಡ್ಡಣ್ಣ. ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಇನ್ಸ್‌ಪೆಕ್ಟರ್ ಬಹುಶಃ ಕಿವಿ ಹಿಂಡಿಸಿಕೊಂಡ ಕಾಲದಿಂದ ಮೊದಲ ಸಲ, ಮಾಸ್ತರರ ಮಾತು ಮೀರಿ ರೈಟರ್‌ಗೆ ಕೈ ಚಾಚಿದರು.

"ಬ್ಲೇಡ್ ಕೊಡಿ ಅವರಿಗೆ."

ಅರ್ಧ ಬ್ಲೇಡು ಬಂತು. ಟೋಪಿಯಕ್ಕ ಅಂಚಿನ ಹೊಲಿಗೆಯನ್ನು ಒಂದೊಂದೇ ಕತ್ತರಿಸತೊಡಗಿದಳು. ಕೈ ನಡುಗುತ್ತಿರಲಿಲ್ಲ. ಅವಳ ಬದುಕೆಲ್ಲ ಕೈ ನಡುಗದಿರುವುದರ ಮೇಲೆಯೇ ನಿಂತಿತ್ತು. ಮುಲಾಮಿನ ವಾಸನೆ ಎದ್ದು ಮೇಜಿನ ಸುತ್ತ ತುಂಬಿತು. ದೊಡ್ಡಣ್ಣ ನಿಂತಲ್ಲಿಂದ ಸರಿದು ಅವಳ ಹಿಂದೆ ಬಂದು ನಿಂತರು. ಅವರ ಉಸಿರು ಅವಳ ಭುಜಕ್ಕೆ ತಾಗುತ್ತಿತ್ತು.

ಲೈನಿಂಗ್ ಪೂರ್ತಿ ಬಿಟ್ಟುಕೊಂಡಿತು. ಟೋಪಿಯ ಒಳಮೈ, ಕಸೂತಿಯ ಬೆನ್ನು, ಬೆಳಕಿಗೆ ಬಂತು.

ಕೆಂಪು ದಾರ ಇರಲಿಲ್ಲ.

ಇನ್ಸ್‌ಪೆಕ್ಟರ್ ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿದರು. ಕೆಂಪಿನ ಒಂದು ನಾರು ಕೂಡ ಇಲ್ಲ, ಮಖಮಲ್ಲು ಎಲ್ಲೂ ಮುದುರಿಲ್ಲ. ಅವರು ಕುರ್ಚಿಗೆ ಒರಗಿ ಗಟ್ಟಿಯಾಗಿ ಯೋಚಿಸಿದರು. ಹಾಗಾದರೆ ಇದು ಸತ್ತವರ ಟೋಪಿಯೇ ಅಲ್ಲ. ನಕಲು. ವಾಸನೆಗಾಗಿ ಅಸಲಿ ಟೋಪಿಯ ಲೈನಿಂಗ್ ಬಿಚ್ಚಿ ತಂದು ಇದಕ್ಕೆ ಹಾಕಿದ್ದಾರೆ. ಸತ್ತವರ ತಲೆಯಿಂದ ಕಿತ್ತುಕೊಂಡೆ ಅಂತ ಹುಡುಗ ಹೇಳಿದ್ದು ಮೊದಲಿನಿಂದ ಕೊನೆಯವರೆಗೂ ಬರೀ ಬುರುಡೆ.

"ಕಿವಿ ಕೆಂಪಾಗಿದ್ದು ಸುಮ್ಮನೆ ಅಲ್ಲ," ಎಂದು ರೈಟರ್ ಗೊಣಗಿದ. ಈ ಸಲ ಯಾರೂ ಅವನನ್ನು ಗದರಲಿಲ್ಲ.

ಗೆದ್ದಿದ್ದಳು. ಐದು ದಿನದಲ್ಲಿ ಮೊದಲ ಸಲ ಟೋಪಿಯಕ್ಕನ ಎದೆಯ ತುಂಬ ಗಾಳಿ ಹೋಯಿತು. ಸಂಜೆ ಮನೆಗೆ ಹೋದದ್ದೇ ತಮ್ಮನ ಕಿವಿಯನ್ನು ಇನ್ನಷ್ಟು ಕೆಂಪಾಗುವ ಹಾಗೆ ಹಿಂಡಬೇಕು ಅಂದುಕೊಂಡಳು. ಟೋಪಿಯನ್ನು ಕೆಳಗಿಡುವ ಮೊದಲು, ಕಸುಬಿನವರ ಚಟ, ಯಾರಪ್ಪ ಇಷ್ಟು ಚೆನ್ನಾಗಿ ನಕಲು ಹೊಡೆದದ್ದು ಅಂತ ಬೆನ್ನಿನ ಕಡೆ ಸುಮ್ಮನೆ ಒಂದು ಸಲ ಕಣ್ಣಾಡಿಸಿದಳು.

ಮುಂಭಾಗದಲ್ಲಿ ಜರಿಯ ಸುರುಳಿ ಎಲ್ಲವನ್ನೂ ಮುಚ್ಚುತ್ತದೆ. ಹೊಲಿದವರ ಗುಟ್ಟು ಬೆನ್ನಿನಲ್ಲಿರುತ್ತದೆ.

ದೀಪದ ಹಿಂದೆ ಒಂದು ಖಾಲಿ ಜಾಗವಿತ್ತು. ಸುತ್ತಲೂ ದಾರ ಒತ್ತೊತ್ತಾಗಿ ಹೋಗಿದೆ. ನಟ್ಟನಡುವೆ ಮಾತ್ರ ಅಕ್ಕಿಕಾಳಿನಷ್ಟು ಮಖಮಲ್ಲನ್ನು ಮುಟ್ಟದೆ ಬಿಟ್ಟಿದ್ದಾರೆ. ಕೆಂಪು ಹೊಲಿಗೆಯ ಜಾಗ. ಹಿರಿಯನ ಕೈಗಾಗಿ ಬಿಡುವ ಜಾಗ. ಹೊರಗಿನ ನಕಲಿಗಾರನಾಗಿದ್ದರೆ ಆ ಜಾಗವೂ ತುಂಬಿ ಹೋಗಿರುತ್ತಿತ್ತು. ಗೊತ್ತಿದ್ದು ಮೋಸ ಮಾಡುವವನಾಗಿದ್ದರೆ ಕೆಂಪು ದಾರವನ್ನೂ ತಾನೇ ಎಳೆದುಬಿಡುತ್ತಿದ್ದ. ಇದು ಎರಡೂ ಅಲ್ಲ. ಎಲ್ಲವನ್ನೂ ನಕಲು ಮಾಡಿ, ಹಿರಿಯನ ಹೊಲಿಗೆಯನ್ನು ಮಾತ್ರ ತಾನು ಹಾಕಲಾರೆ ಅಂತ ಸೂಜಿ ಕೆಳಗಿಟ್ಟವರ ಕೆಲಸ.

ಅವಳು ದಾರ ಶುರುವಾದ ಜಾಗ ಹುಡುಕಿದಳು. ಗಂಟು ಇರಲಿಲ್ಲ. ಗಂಟಿನ ಬದಲು ಕೋಳಿಕಾಲಿನ ಹಾಗೆ ಮೂರು ಪುಟ್ಟ ಹೊಲಿಗೆ. ಗಂಟು ಹಾಕಬೇಡ ಮಗಳೇ, ತಲೆಗೆ ಒತ್ತುತ್ತದೆ ಅಂತ ಅವಳಿಗೆ ಏಳನೆಯ ವಯಸ್ಸಿನಲ್ಲಿ ಕಲಿಸಿದ್ದು. ಹಾಗೆ ದಾರ ಶುರು ಮಾಡುವವರು ಈ ಊರಿನಲ್ಲಿ ಮೂರೇ ಮಂದಿ, ಮೂವರೂ ಒಂದೇ ಸೂರಿನ ಕೆಳಗೆ. ಜರಿ ಹಳೆಯದಾಗಿ ಕಂಡದ್ದೂ ಈಗ ತಿಳಿಯಿತು. ಮೇಲಿನ ಪದವಿಗೆ ಏರಿದವರ ಹಳೆಯ ಟೋಪಿಗಳಿಂದ ಬಿಚ್ಚಿದ ಜರಿ ಅವರ ಮನೆಯ ಡಬ್ಬಿಯಲ್ಲಿ ಸೇರುಗಟ್ಟಲೆ ಇತ್ತು.

ತಾನು ಹೊಲಿದಿಲ್ಲ. ತಮ್ಮನಿಗೆ ಎಲೆಯ ತುದಿ ತಿರುಗಿಸುವುದು ಇವತ್ತಿಗೂ ಬರುವುದಿಲ್ಲ.

ಅವಳು ಎಳೆಗಳು ವಾಲಿದ ದಿಕ್ಕು ನೋಡಿದಳು. ಬಲಗೈಯವರ ಎಳೆ ಒಂದು ಕಡೆ ವಾಲುತ್ತದೆ. ಇಲ್ಲಿ ಪ್ರತಿಯೊಂದು ಎಲೆಯಲ್ಲೂ ತಿರುಗುಮುರುಗು. ಎಡಗೈ.

ಬೆಳಗ್ಗೆ ಮಣಿಕಟ್ಟು ಹಿಡಿದ ಎಡಗೈ. ಎಷ್ಟು ಗಟ್ಟಿ ಹಿಡಿತ. ಮೂರು ವರ್ಷ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದಾರೆ ಅಂದುಕೊಂಡಿದ್ದಳು. ಅವಳೂ ತಮ್ಮನೂ ಕೆಲಸಕ್ಕೆ ಹೊರಗೆ ಹೋದ ಹೊತ್ತಿನಲ್ಲಿ ಅಪ್ಪ ಎಡಗೈಗೆ ಸೂಜಿ ಕಲಿಸಿದ್ದರು. ಬಿದ್ದುಹೋದ ಬಲಗೈಯನ್ನು ಬಟ್ಟೆಯ ಕೆಳಗೆ ಆನಿಕೆ ಕೊಟ್ಟು, ಅದರ ಮೇಲೆ ಹೊಲಿದಿದ್ದರು. ಸೂಜಿ ಕೆಳಗಿಳಿದು ಆ ಬೆರಳುಗಳಿಗೆ ಚುಚ್ಚಿದರೆ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಎರಡು ತಿಂಗಳು ಅವಳು ಮುಲಾಮು ಸವರಿದ್ದು ಇರುವೆ ಕಡಿತಕ್ಕಲ್ಲ.

ತಮ್ಮನಿಗೆ ಇದು ಗೊತ್ತಿತ್ತು. ಗುರುವಾರ ಪೊಲೀಸರು ಬಾಗಿಲು ತಟ್ಟಿದಾಗ ಟೋಪಿ ಅಪ್ಪನ ಹೊದಿಕೆಯ ಕೆಳಗೆ ಇದ್ದಿರಬೇಕು. ಅವನು ಅದನ್ನೆತ್ತಿ ತನ್ನ ಪೆಟ್ಟಿಗೆಗೆ ಹಾಕಿಕೊಂಡ. ಇವತ್ತು ತಪ್ಪನ್ನೂ ತಲೆಗೆ ಹಾಕಿಕೊಂಡ.

"ಏನಮ್ಮ, ಹೊಲಿದವರ ಗುರುತು ಸಿಗ್ತಾ?"

ಇನ್ಸ್‌ಪೆಕ್ಟರ್ ಅವಳ ಮುಖವನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

"ಈ ಟೋಪಿ ಮಾಡಿದವರ ಕೈಗೆ ಅಸಲಿ ಟೋಪಿ ಬಂದಿತ್ತು," ಎಂದರು ನಿಧಾನವಾಗಿ. "ಇಲ್ಲದಿದ್ರೆ ಅದರ ಲೈನಿಂಗ್ ಎಲ್ಲಿಂದ ಬರತ್ತೆ? ಅವರು ಸಿಕ್ಕರೆ ಕೊಂದವನು ಸಿಕ್ಕ ಹಾಗೆ, ಇಲ್ಲಾ ಅವರೇ ಕೊಂದವರು. ಗುರುತು ಹೇಳಿ, ತಮ್ಮನ್ನ ಈಗಲೇ ಕರ್ಕೊಂಡು ಹೋಗಿ. ಹೇಳದಿದ್ರೆ ನಾನವನನ್ನ ಬಿಡೋಕಾಗಲ್ಲ. ಸುಳ್ಳು ಒಪ್ಪಿಕೊಳ್ಳೋನು ಯಾರನ್ನೋ ಉಳಿಸೋಕೆ ಒಪ್ಪಿಕೊಳ್ತಾನೆ."

ಒಂದು ಕಡೆ ತಮ್ಮ. ಇನ್ನೊಂದು ಕಡೆ, ನಾಲ್ಕು ಪದ ನೆಟ್ಟಗೆ ಜೋಡಿಸಲಾರದ, ಪೊಲೀಸರ ಒಂದು ಪ್ರಶ್ನೆಗೂ ಉತ್ತರ ಹೇಳಲಾರದ ಅಪ್ಪ. ಬ್ಲೇಡು ಹಿಡಿದು ತಮ್ಮನ ಕಟ್ಟು ಬಿಚ್ಚಲು ಹೋದವಳು ಅದೇ ಕೈಯಿಂದ ಅಪ್ಪನನ್ನು ಕಟ್ಟಿಹಾಕಿದ್ದಳು. ಅವಳೇ ಕೇಳಿ ಬಿಚ್ಚಿಸಿದ್ದಳು. ಕೈ ಮುಗಿದು ಕೇಳಿ ಬಿಚ್ಚಿಸಿದ್ದಳು.

"ಗೊತ್ತಿಲ್ಲ ಸಾರ್," ಎಂದಳು. "ಯಾರೋ ಹೊರಗಿನವರ ಕೆಲಸ."

ಭುಜದ ಹತ್ತಿರ ತಾಗುತ್ತಿದ್ದ ಉಸಿರು ನಿಂತಿತು. ಅವಳು ತಿರುಗಿ ನೋಡಿದಳು. ದೊಡ್ಡಣ್ಣ ಟೋಪಿಯ ಬೆನ್ನನ್ನೇ ನೋಡುತ್ತಿದ್ದರು, ದೀಪದ ಹಿಂದಿನ ಖಾಲಿ ಜಾಗವನ್ನು, ಎಳೆಗಳು ವಾಲಿದ ದಿಕ್ಕನ್ನು. ಮೂವತ್ತು ವರ್ಷ ಹೆಸರು ಬರೆಯದ ಉತ್ತರಪತ್ರಿಕೆ ಹಿಡಿದು, ಅಕ್ಷರ ನೋಡಿಯೇ ಇದು ಇಂಥವನದು ಅಂತ ಹೇಳುತ್ತಿದ್ದ ಕಣ್ಣು ಅದು.

"ಹೊರಗಿನವರದೇ ಇರಬೇಕು," ಎಂದರು ಅವರು, ಅವಳ ಕಡೆ ನೋಡಿ. ಮತ್ತೆ ಮೊದಲಿನ ನಗು ಬಂದಿತ್ತು. "ನಿಮ್ಮಪ್ಪನ್ನ ನೋಡಿ ಮೂರು ವರ್ಷ ಆಯ್ತು ತಾಯಿ. ಪಾಪ, ಹೇಗಿದಾರೋ. ಇಷ್ಟು ದೂರ ಬಂದಿದೀನಿ, ಹಾಗೇ ಹೋಗಿ ಮಾತಾಡಿಸಿಕೊಂಡು ಬರ್ತೀನಿ."

ಅವಳಿಗೆ ಬೇಡ ಅನ್ನಬೇಕಿತ್ತು. ಯಾಕೆ ಬೇಡ ಅಂತ ಇನ್ಸ್‌ಪೆಕ್ಟರ್ ಕೇಳಿದರೆ ಏನು ಹೇಳುವುದು? ಅವರು ಮಲಗಿರುತ್ತಾರೆ, ನಾಳೆ ಬನ್ನಿ ಅಂತ ಏನೋ ತೊದಲಿದಳು. ದೊಡ್ಡಣ್ಣ ಆಗಲೇ ಬಾಗಿಲು ದಾಟಿದ್ದರು. ಅಂಗಳದಲ್ಲಿ ಕಾರು ಶುರುವಾದ ಸದ್ದು ಕೇಳಿಸಿತು. ಟೋಪಿ ಒಯ್ಯಲು ಬಂದವರು ಮರದ ಪೆಟ್ಟಿಗೆಯನ್ನೂ ಚೀಟಿಯನ್ನೂ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದರು.

ತಾನೂ ಹೊರಡುತ್ತೇನೆ ಎಂದಳು. ಈಗ ಹೇಳಿದ್ದನ್ನೆಲ್ಲ ಬರೆಸಿ ಸಹಿ ಹಾಕುವವರೆಗೆ ಕದಲುವಂತಿಲ್ಲ ಎಂದರು ಇನ್ಸ್‌ಪೆಕ್ಟರ್. ತಮ್ಮನನ್ನು ಕರೆತರಲು ಹೇಳಿ, ಮೇಲಧಿಕಾರಿಗೆ ಫೋನ್ ಹಚ್ಚಿ, ಕಿಟಕಿಯ ಕಡೆ ತಿರುಗಿ ನಿಂತರು.

ತಮ್ಮ ಬಂದ. ಎರಡು ದಿನದಲ್ಲಿ ಮುಖ ಅರ್ಧವಾಗಿತ್ತು. ಬಾಯಿ ಬಿಚ್ಚಿದ ಟೋಪಿಯನ್ನು ನೋಡಿದ, ಅಕ್ಕನನ್ನು ನೋಡಿದ. ಅವಳಿಗೆ ತಿಳಿಯಿತು ಅಂತ ಅವನಿಗೆ ತಿಳಿಯಿತು. ತಲೆಯನ್ನು ಸಣ್ಣಗೆ ಅಲ್ಲಾಡಿಸಿದ, ಹೇಳಬೇಡ ಅನ್ನುವ ಹಾಗೆ. ಹೇಳಿಲ್ಲ ಅಂತ ಅವಳು ಕಣ್ಣಲ್ಲೇ ಹೇಳಿದಳು. ಅವನ ಭುಜ ಇಳಿಯಿತು. ಆಮೇಲೆ ಅವನ ಕಣ್ಣು ಮರದ ಪೆಟ್ಟಿಗೆಯ ಮೇಲೆ ಬಿತ್ತು.

ಇದು ಯಾರದು ಅಂತ ಕೇಳಿದ. ದೊಡ್ಡಣ್ಣ ಬಂದಿದ್ದರು, ಈಗಷ್ಟೇ ಅಪ್ಪನನ್ನು ನೋಡಲು ಮನೆಯ ಕಡೆ ಹೋದರು ಎಂದಳು.

ತಮ್ಮನ ಕಿವಿಗಳು ಬಿಳಿಚಿಕೊಂಡವು. ಹುಟ್ಟಿದಾಗಿನಿಂದ ಅವಳು ಅದನ್ನು ಕಂಡಿರಲಿಲ್ಲ.

"ಬುಧವಾರ ಟೋಪಿ ಕಂಡಾಗ, ಇದನ್ನ ಮಾಡಿಸಿದ್ದು ಯಾರು ಅಂತ ಅಪ್ಪನ್ನ ಎಷ್ಟು ಕೇಳಿದೆ ಅಕ್ಕ," ಎಂದ ಪಿಸುದನಿಯಲ್ಲಿ. "ಹೆಸರು ನಾಲಿಗೆಗೆ ಬರಲಿಲ್ಲ. ಅಳ್ತಾ ಒಂದೇ ಮಾತು ಹೇಳಿದ್ರು. ಅಣ್ಣ ಬಂದರೆ ಒಳಗೆ ಬಿಡಬೇಡ ಅಂದ್ರು. ಯಾವ ಅಣ್ಣ ಅಂತ ಕೇಳಿದೆ, ಕೂಟದಲ್ಲಿ ಎಲ್ಲರೂ ಅಣ್ಣಂದಿರೇ. ಅದಕ್ಕೇ ಅವತ್ತಿಂದ ಬಾಗಿಲಿಗೆ ನಾನು ಬೀಗ ಹಾಕ್ತಿದ್ದೆ."

ಗೋಡೆಯ ಮೇಲೆ ಗಡಿಯಾರದಣ್ಣ ರಿಪೇರಿ ಮಾಡಿದ ಗಡಿಯಾರ ನಾಲ್ಕು ಹೊಡೆಯತೊಡಗಿತು. ಪಕ್ಕದ ಮನೆ ಅತ್ತೆ ಈಗ ಅಪ್ಪನನ್ನು ಬಿಟ್ಟು ಎದ್ದು ತಮ್ಮ ಮನೆಗೆ ಹೊರಟಿರುತ್ತಾರೆ. ಫೋನ್ ಕೆಳಗಿಟ್ಟು ಇನ್ಸ್‌ಪೆಕ್ಟರ್ ಇತ್ತ ತಿರುಗಿದರು, ಪೆನ್ನು ತೆಗೆದುಕೊಂಡರು, ಇಬ್ಬರೂ ಏನು ಮಾತಾಡುತ್ತಿದ್ದೀರಿ ಅಂತ ಕೇಳಿದರು.

ತಮ್ಮ ಅವರ ಕಡೆ ನೋಡಲೇ ಇಲ್ಲ.

"ಬಾಗಿಲಿಗೆ ಬೀಗ ಹಾಕಿ ಬಂದಿದೀಯ ತಾನೇ, ಅಕ್ಕ?"